ಉಡಿಯೊಳಗೆ ಹೋದ ಕಾದಂಬರಿ

ಉಡುಗೊರೆಗೆ ಸುತ್ತುವ ಮಿನುಗು ಕಾಗದವನ್ನು ನಮ್ಮ ಮನೆಯಲ್ಲಿ ಯಾರೂ ಹರಿಯುವಂತಿಲ್ಲ. ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಬೇಕು, ಕಾಗದವನ್ನು ಗಾದಿಯ ಕೆಳಗೆ ಹಾಸಬೇಕು, ಅದರ ಮೇಲೆ ಕೆಲವು ದಿನ ಮಲಗಿ ಇಸ್ತ್ರಿ ಮಾಡಬೇಕು. ಇದು ನಮ್ಮ ಅತ್ತೆಯವರ ಕಾನೂನು. ನಾನು ಯಮಕನಮರಡಿಯಿಂದ ಗೋಕಾಕಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ಮಗ್ಗುಲು ಬದಲಿಸಿದರೆ ಸಾಕು, ಕೆಳಗೆ ಪರಪರ ಸಪ್ಪಳ. ಇಲಿ ಹೊಕ್ಕಿದೆ ಎಂದು ಹೆದರಿ ಎದ್ದು ಕೂತಿದ್ದೆ. ಇಲಿಯಲ್ಲ, ಯಾರದೋ ಮದುವೆಯ ಗುಲಾಬಿ ಹೂವಿನ ಕಾಗದ.

ಆ ಕಾಗದಕ್ಕೆ ನಾನು ಹುಡುಕಿಕೊಂಡ ಉಪಯೋಗ ಪುಸ್ತಕ ಸುತ್ತುವುದು. ಶಾಲೆಯ ಮಕ್ಕಳ ಹಾಗೆ ಬರೀ ರಟ್ಟಿಗೆ ಹೊದಿಕೆ ಹಾಕುವುದಲ್ಲ. ದಿನದ ಓದು ಮುಗಿದ ಮೇಲೆ ಪುಸ್ತಕವನ್ನು ಇಡಿಯಾಗಿ ಪೊಟ್ಟಣ ಕಟ್ಟಿ, ತುದಿ ಮಡಚಿ ಇಡುವುದು. ನೀವು ನಗಬಹುದು. ಆದರೆ ಆ ಪುಸ್ತಕಗಳು ನನ್ನವಲ್ಲ, ಜೈಬುನ್ ಟೀಚರ್ ಅವರವು ಎಂದು ತಿಳಿದರೆ ನೀವೂ ಎರಡು ಸುತ್ತು ಹೆಚ್ಚಿಗೆ ಸುತ್ತುತ್ತಿದ್ದಿರಿ.

ಜೈಬುನ್ ಟೀಚರ್ ಹುಕ್ಕೇರಿಯವರು. ನಾನು ದಿನಾಲೂ ಬಸ್ಸು ಹಿಡಿದು ಹುಕ್ಕೇರಿಯ ಹೈಸ್ಕೂಲಿಗೆ ಹೋಗಿ ಕನ್ನಡ ಕಲಿಸುತ್ತಿದ್ದಾಗ ಅವರು ಅಲ್ಲಿಯೇ ಇಂಗ್ಲಿಷ್ ಕಲಿಸುತ್ತಿದ್ದರು. ಈಗ ಇಬ್ಬರಿಗೂ ಪೆನ್ಶನ್. ತಿಂಗಳಿಗೊಮ್ಮೆ ರವಿವಾರ ಅವರು ಗೋಕಾಕಕ್ಕೆ ಬರುತ್ತಾರೆ, ಒಂದು ಪುಸ್ತಕ ಕೊಟ್ಟು ಹಿಂದಿನದನ್ನು ಒಯ್ಯುತ್ತಾರೆ. ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ, ತಗೊಳ್ಳುವಾಗ ಡಾಕ್ಟರ ಮುಖ. ರಟ್ಟು ತಿರುಗಿಸಿ, ಬೆನ್ನು ಮುಟ್ಟಿ, ಪುಟ ಸರಸರ ಹಾರಿಸಿ ನೋಡುತ್ತಾರೆ. ಒಂದು ಸಲ ಒಂದು ಪುಟದ ಅಂಚಿನಲ್ಲಿ ನನ್ನ ಹೆಬ್ಬೆರಳಿನ ಅರಿಷಿಣ ಕೂತಿತ್ತು. ಬೈಯಲಿಲ್ಲ. ಪುಟವನ್ನು ಮೂಗಿಗೆ ಹಿಡಿದು, "ಪಲ್ಯ ಛೊಲೋ ಆಗಿರಬೇಕಲ್ರಿ ಅವತ್ತ" ಎಂದರು. ಅವತ್ತಿನಿಂದ ಈ ಪೊಟ್ಟಣ ಕಟ್ಟುವ ಪದ್ಧತಿ.

ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರೊಬ್ಬರು ಟೀಚರ ಪುಸ್ತಕವನ್ನು ಬಸ್ಸಿನಲ್ಲಿ ಮರೆತು ಇಳಿದಿದ್ದರು. ಜೈಬುನ್ ಟೀಚರು ಆ ಮಾಸ್ತರರೊಡನೆ ಮಾತು ಬಿಡಲಿಲ್ಲ, ಪುಸ್ತಕದ ಮಾತು ಬಿಟ್ಟರು. ಮಾಸ್ತರರು ವರ್ಗವಾಗಿ ಹೋಗುವವರೆಗೂ ಉಳ್ಳಾಗಡ್ಡಿಯ ರೇಟು, ಮಳೆ, ಮೊಣಕಾಲು ನೋವು, ಇಷ್ಟೇ. ಪಾಪ, ಆ ಮನುಷ್ಯ ಒಂದು ಕಾದಂಬರಿಯ ಹೆಸರು ಎತ್ತಿದರೆ ಟೀಚರು ಆಕಾಶ ನೋಡಿ, ಮೋಡ ಕಟ್ಟಿದೆಯಲ್ಲ ಎನ್ನುತ್ತಿದ್ದರು.

ಇತ್ತೀಚೆಗೆ ಅವರಿಗೆ ಹತ್ತಿದ ಹುಚ್ಚು ಕಪ್ಪು ಜನರು ಬರೆದ ಹೊಸ ಪುಸ್ತಕಗಳದು. ಅಮೆರಿಕದವರು, ಆಫ್ರಿಕದವರು, ಲಂಡನ್ನಿನಲ್ಲಿ ಹುಟ್ಟಿದವರು, ಹೆಸರೇ ಕೇಳದ ದ್ವೀಪಗಳವರು. ಹೊಸದಾಗಿ ಏನು ಬಂತೆಂದು ಫೋನಿನಲ್ಲಿ ನೋಡಿ ತರಿಸುತ್ತಾರೆ. ಯಾಕ್ರಿ ಇವರನ್ನೇ ಓದುತ್ತೀರಿ ಎಂದು ಕೇಳಿದ್ದಕ್ಕೆ, ಇವರನ್ನು ಓದಿದರೆ ತಮ್ಮ ಓಣಿಯ ಸುದ್ದಿ ಓದಿದ ಹಾಗಾಗುತ್ತದೆ, ಓಣಿಯವರ ಹಾಗೆ ನಡುವೆ ಸುಳ್ಳು ಸೇರಿಸುವುದಿಲ್ಲ, ಸೇರಿಸಿದರೂ ಚೆನ್ನಾಗಿ ಸೇರಿಸುತ್ತಾರೆ ಎಂದರು.

ನನಗೆ ಮೊದಲು ಅಳುಕು. ಕಪ್ಪು ಲೇಖಕರ ಪುಸ್ತಕವೆಂದರೆ ಸರಪಳಿ, ಚಾಟಿ, ಕಣ್ಣೀರು, ಇಷ್ಟೇ ಇರುತ್ತದೆ, ಓದಿದ ಮೇಲೆ ಊಟ ಸೇರುವುದಿಲ್ಲ ಎಂದುಕೊಂಡಿದ್ದೆ. ಅವರು ಕೊಟ್ಟ ಮೊದಲ ಕಾದಂಬರಿಯಲ್ಲಿ ಸಿಕ್ಕವಳು ದ್ವೀಪದ ಬಂದರಿನಲ್ಲಿ ಮೀನು ಮಾರುವ ಹೆಂಗಸು. ಮೂವರು ಸೊಸೆಯರನ್ನೂ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ಮೂವರ ಕೈಯಿಂದಲೂ ಕಾಲು ಒತ್ತಿಸಿಕೊಳ್ಳುತ್ತಿದ್ದಳು. ನಾನು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡೆ. ಎರಡನೆಯದು ಲಂಡನ್ನಿನ ಬಸ್ಸಿನ ಡ್ರೈವರನೊಬ್ಬನದು. ಅಪ್ಪನ ಮನೆ ಯಾರ ಪಾಲಿಗೆ ಎಂದು ಆಫ್ರಿಕದ ಲಾಗೋಸ್ ಊರಿನಲ್ಲಿರುವ ಅಣ್ಣತಮ್ಮಂದಿರ ಜೊತೆ ಫೋನಿನಲ್ಲೇ ಜಗಳ ಆಡುತ್ತ ಬಸ್ಸು ಓಡಿಸುತ್ತಾನೆ. ಆ ಜಗಳ ನಮ್ಮ ತವರಿನಲ್ಲಿ ಆದದ್ದೇ. ಬಸ್ಸೊಂದು ಇರಲಿಲ್ಲ ಅಷ್ಟೆ. ಹಾಗೆಂದು ಎಲ್ಲವೂ ನಗುವಿನದೇ ಎಂದಲ್ಲ. ನಗುತ್ತಿದ್ದ ಪುಟದ ಹಿಂದೆಯೇ ಒಂದು ಪುಟ ಬರುತ್ತದೆ, ಪುಸ್ತಕ ಮುಚ್ಚಿ ಸುಮ್ಮನೆ ಒಲೆಯ ಕಡೆ ನೋಡುತ್ತ ಕೂಡಬೇಕಾಗುತ್ತದೆ. ನೀವು ಇಂಥವನ್ನು ಓದಿಲ್ಲವೆಂದರೆ ಓದಿರಿ, ನನ್ನ ಮಾತು ಕೇಳಿ. ಇಂಗ್ಲಿಷ್ ಬರುವುದಿಲ್ಲ ಎಂಬ ನೆವ ಬೇಡ. ನನಗೂ ಅಷ್ಟಕ್ಕಷ್ಟೇ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಫೋನಿನ ಡಿಕ್ಷನರಿ, ಎರಡೂ ಕೈ ತುಂಬಿರುವಾಗ ಹಾಲು ಉಕ್ಕುತ್ತದೆ.

ನಾನು ಓದಿದ್ದನ್ನು ಮಧ್ಯಾಹ್ನ ಅತ್ತೆಗೆ ಹೇಳಬೇಕು. ಅತ್ತೆಗೆ ಅಕ್ಷರ ಬರುವುದಿಲ್ಲ, ಕತೆ ಬರುತ್ತದೆ. ನನ್ನ ಕನ್ನಡವೆಲ್ಲ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ ಬಾಯಿಂದ ಬಂದದ್ದು. ಅದಕ್ಕೆ ಉಪ್ಪು ಖಾರ ಹಾಕಿದವರು ಅತ್ತೆ. ಜೋಳ ಹಸನು ಮಾಡುತ್ತ ಕೇಳುತ್ತಾರೆ, ನಡುವೆ ಕೈ ನಿಂತಿತೆಂದರೆ ಕತೆ ಹತ್ತಿದೆ ಎಂದು ಅರ್ಥ. ಮೂರನೆಯ ಪುಸ್ತಕ ಶುರುವಾದಾಗ ಅವರ ಕೈ ಮೊದಲ ದಿನವೇ ನಿಂತಿತು. ಅಮೆರಿಕದ ಒಂದು ದೊಡ್ಡ ಊರು. ಅಲ್ಲಿ ಒಬ್ಬ ಕಪ್ಪು ಅಜ್ಜಿ, ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ತಲೆಗೆ ಎಣ್ಣೆ ಹಚ್ಚಿ ಸಣ್ಣ ಸಣ್ಣ ಹೆರಳು ಹಾಕಿ ಹೊಟ್ಟೆ ಹೊರೆಯುತ್ತಾಳೆ. ಮನೆ ಬಾಡಿಗೆಯದು, ಮಾಲೀಕ ಖಾಲಿ ಮಾಡು ಎನ್ನುತ್ತಿದ್ದಾನೆ. ಕಲಿತ ಮೊಮ್ಮಗಳಿಗೂ ಅಜ್ಜಿಗೂ ಮಾತಿಲ್ಲ. ಅಜ್ಜಿಯ ಹೆಸರು ಅತ್ತೆಯ ಬಾಯಿಗೆ ಹೊಂದಲಿಲ್ಲ, ಕರೆವ್ವ ಎಂದು ಇಟ್ಟುಕೊಂಡರು. ಅವರ ತವರಿನ ದೇವಿಯ ಹೆಸರು ಅದು, ಸುಮ್ಮನೆ ಯಾರಿಗೂ ಕೊಡುವುದಿಲ್ಲ.

"ತಲಿಗೆ ಎಣ್ಣಿ ಯಾವುದು ಹಚ್ಚತಾಳಂತ ಕರೆವ್ವ?"

"ಕೊಬ್ರಿ ಎಣ್ಣಿ ಇರಬೇಕ್ರಿ."

"ಇರಬೇಕ ಅಂದ್ರೇನು? ಬರದಿಲ್ಲೇನು?"

ಬರೆದಿತ್ತು. ಅಲ್ಲಿಯ ಯಾವುದೋ ಕಾಯಿಯ ಬೆಣ್ಣೆ. ನನಗೆ ಕನ್ನಡ ಸಿಗದೆ ಹಾರಿಸಿದ್ದೆ. ಹಾರಿಸಿದ್ದು ಅತ್ತೆಗೆ ಗೊತ್ತಾಗಿಬಿಡುತ್ತದೆ. ಇನ್ನೊಂದು ದಿನ ತಮ್ಮ ಮುಂಗೈ ಚಾಚಿ ನೋಡಿಕೊಂಡು, "ಕಪ್ಪು ಅಂದ್ರ ನನ್ನಷ್ಟ ಅದಾರೇನು?" ಎಂದು ಕೇಳಿದರು. ಹೆಚ್ಚೂಕಡಿಮೆ ನಿಮ್ಮಷ್ಟೇ ಎಂದೆ. "ಹಂಗಾರ ಸಣ್ಣ ಮಾತಲ್ಲ, ಓದ ಮುಂದ" ಎಂದರು.

ಆ ಪುಸ್ತಕದ ಮೊದಲಲ್ಲೇ ಒಂದು ಕಡೆ ತಾಯಿಯೊಬ್ಬಳು ಫೋಟೋ ತೆಗೆಸುವ ಮುಂಚೆ ಮಗಳ ಮೊಣಕೈಗೆ ಲಿಂಬೆಹಣ್ಣಿನ ಸಿಪ್ಪೆ ತಿಕ್ಕುತ್ತಾಳೆ. ನಾನು ಅಲ್ಲಿಗೆ ನಿಂತೆ. ಯಮಕನಮರಡಿಯಲ್ಲಿ ನಮ್ಮ ಆಯಿ ನನ್ನನ್ನು ಬಚ್ಚಲುಗಲ್ಲಿನ ಮೇಲೆ ಕೂಡಿಸಿ ಕಡಲೆಹಿಟ್ಟು ಹಚ್ಚಿ, ಕಡೆಗೆ ಇದೇ ಸಿಪ್ಪೆಯಿಂದ ಮೊಣಕೈ ತಿಕ್ಕುತ್ತಿದ್ದಳು. ಉರಿಯುತ್ತಿತ್ತು. ಬಂದವರೆಲ್ಲ, ಬಣ್ಣ ಸ್ವಲ್ಪ ಕಮ್ಮಿ, ಆದರೆ ಮುಖ ಲಕ್ಷಣ ಐತಿ ಎಂದು ಸಮಾಧಾನ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಯಾರ ಸಮಾಧಾನಕ್ಕೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ನಾನು ಬೆಳ್ಳಗಂತೂ ಆಗಲಿಲ್ಲ, ಮನೆಯಲ್ಲಿ ಲಿಂಬೆಹಣ್ಣು ಮುಗಿದವು. ಸಮುದ್ರದ ಆಚೆಯ ಒಬ್ಬಳು, ನನ್ನ ಮಗಳ ವಯಸ್ಸಿನವಳು, ಕೂತು ನನ್ನ ಮೊಣಕೈಯ ಸುದ್ದಿ ಬರೆದಿದ್ದಳು. ನಾನು ಪುಸ್ತಕ ಮುಚ್ಚಿ ಮೊಣಕೈ ಮುಟ್ಟಿ ನೋಡಿಕೊಂಡೆ.

ಇಂಥ ಪುಸ್ತಕ, ಇನ್ನು ಮೂವತ್ತು ಪುಟ ಉಳಿದಿರುವಾಗ, ಮನೆಯಿಂದ ಮಾಯವಾಯಿತು.

ಬುಧವಾರ ಮುಂಜಾನೆ ಮಾಲೀಕ ಕರೆವ್ವನ ಬಾಗಿಲಿಗೆ ಬಂದು ನಿಂತಿದ್ದ. ನನಗೆ ಬ್ಯಾಂಕಿಗೆ ಹೋಗುವುದಿತ್ತು. ಪುಸ್ತಕವನ್ನು ಗುಲಾಬಿ ಕಾಗದದಲ್ಲಿ ಸುತ್ತಿ ಅತ್ತೆಯ ಟ್ರಂಕಿನ ಮೇಲಿಟ್ಟು ಹೋದೆ. ಬಂದು ನೋಡಿದರೆ ಟ್ರಂಕು ಇದೆ, ಪುಸ್ತಕವಿಲ್ಲ.

ಆ ಟ್ರಂಕಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಉಡಿ ತುಂಬಬೇಕು. ಸೆರಗಿನಲ್ಲಿ ಅಕ್ಕಿ, ಕಾಯಿ, ಮೇಲೊಂದು ಜಂಪರ್ ಪೀಸು. ಆ ರವಿಕೆಯ ತುಂಡನ್ನು ಯಾರೂ ಹೊಲಿಸುವುದಿಲ್ಲ. ಅದು ಟ್ರಂಕಿಗೆ ಹೋಗುತ್ತದೆ, ಟ್ರಂಕಿನಿಂದ ಇನ್ನೊಬ್ಬರ ಉಡಿಗೆ, ಅಲ್ಲಿಂದ ಮತ್ತೊಂದು ಟ್ರಂಕಿಗೆ. ಗೋಕಾಕದಲ್ಲಿ ಹೊರಟ ಹಸಿರು ತುಂಡೊಂದು ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಸುತ್ತಿ, ನಮ್ಮೆಲ್ಲರಿಗಿಂತ ಹೆಚ್ಚು ಊರು ನೋಡಿರುತ್ತದೆ. ಈಚೆಗೆ ಮದುವೆಗಳಲ್ಲಿ ಬಂದ ಮಿನುಗು ಪೊಟ್ಟಣಗಳೂ ಇದೇ ದಾರಿ ಹಿಡಿದಿವೆ. ಮುಂದೆ ದಾಟಿಸುವಂಥವನ್ನು ಬಿಚ್ಚಿ ನೋಡುವ ಪದ್ಧತಿಯಿಲ್ಲ. ಯಾರ ಮನೆಯಿಂದ ಬಂದದ್ದು ಎಂಬುದೊಂದು ನೆನಪಿರಬೇಕು. ಬಂದಲ್ಲಿಗೇ ತಿರುಗಿ ಕೊಟ್ಟರೆ ಮಾನ ಹೋಯಿತು. ಅತ್ತೆ ಈವರೆಗೆ ಒಮ್ಮೆಯೂ ತಪ್ಪಿದವರಲ್ಲ.

"ಆ ಗುಲಾಬಿ ಕಾಗದದ್ದು? ಶಂಕ್ರವ್ವ ಬಂದಿದ್ಲು, ಅಕಿ ಉಡ್ಯಾಗ ಹಾಕಿದ್ನೆಲ್ಲ" ಎಂದರು ಅತ್ತೆ. "ಟ್ರಂಕಿನ ಮ್ಯಾಲ ಇತ್ತಲ್ಲ, ಫೋಟೋಕ್ಕ ಹಾಕೂ ಕಟ್ಟ ಅಂತ ತಿಳದಿದ್ದೆ."

ಶಂಕ್ರವ್ವ ಅತ್ತೆಯ ತಮ್ಮನ ಮಗಳು, ಮೂಡಲಗಿಗೆ ಕೊಟ್ಟವಳು. ಪೇಟೆಗೆ ಬಂದವಳು ಚಹಾ ಕುಡಿದು, ಉಡಿ ತುಂಬಿಸಿಕೊಂಡು, ಬಸ್ಸು ಹತ್ತಿ ಹೋಗಿಯಾಗಿತ್ತು. ರವಿವಾರ ಜೈಬುನ್ ಟೀಚರು ಬರುವವರು. ನನ್ನ ಕಣ್ಣ ಮುಂದೆ ಹೆಡ್ ಮಾಸ್ತರರು ಬಂದು ನಿಂತರು. ಇನ್ನು ಸಾಯುವತನಕ ನನಗೂ ಉಳ್ಳಾಗಡ್ಡಿಯ ರೇಟೇ ಗತಿ. ಈ ವಯಸ್ಸಿನಲ್ಲಿ ಪುಸ್ತಕದ ಮಾತಾಡುವ ಇನ್ನೊಬ್ಬ ಗೆಳತಿಯನ್ನು ಎಲ್ಲಿಂದ ತರಲಿ?

ಫೋನು ಮಾಡಿ ಕೇಳುತ್ತೇನೆ ಎಂದರೆ ಅತ್ತೆ ಬಿಡಲೊಲ್ಲರು. ಉಡಿಗೆ ಹಾಕಿದ್ದನ್ನು ಕೇಳುವುದೇ ಅಪರಾಧ, ಅದೂ ಫೋನಿನಲ್ಲಿ? ಹೋಗಬೇಕು, ಕೇಳದ ಹಾಗೆ ಕೇಳಬೇಕು, ಅವಳಾಗಿ ಕೊಡಬೇಕು. ಮರುದಿನ ಒಂದು ಪೆಟ್ಟಿಗೆ ಕರದಂಟು ಹಿಡಿದು ಅತ್ತೆಸೊಸೆ ಮೂಡಲಗಿಗೆ ಹೋದೆವು.

ಕೇಳದ ಹಾಗೆ ಕೇಳುವುದಕ್ಕೆ ಅತ್ತೆ ಮಧ್ಯಾಹ್ನದವರೆಗೆ ತಗೊಂಡರು. ಮೂಡಲಗಿ ತಾಲೂಕಾದ ಮೇಲೆ ಏನು ಸುಧಾರಿಸಿತು, ಯಾರ ಸೊಸೆ ಬೇರೆ ಮನೆ ಮಾಡಿದಳು, ಕಬ್ಬಿನ ಬಿಲ್ಲು ಬಂತೋ ಇಲ್ಲವೋ. ಊಟವಾಯಿತು, ಅಡಿಕೆಯಾಯಿತು. ಕೊನೆಗೆ, ಮೊನ್ನೆ ಕೊಟ್ಟ ಫೋಟೋ ಕಟ್ಟು ಹೇಗಿತ್ತು ಎಂದು ಗೋಡೆ ನೋಡುತ್ತ ಕೇಳಿದರು.

"ಭಾಳ ಛಂದ ಐತ್ರಿ ಅತ್ತಿ, ಬಂದ ಕೂಡ್ಲೆ ಪಡಸಾಲ್ಯಾಗ ಹಚ್ಚೇವಿ" ಎಂದಳು ಶಂಕ್ರವ್ವ.

ನಾವು ಕೂತದ್ದೇ ಪಡಸಾಲೆಯಲ್ಲಿ. ಗೋಡೆಯ ಮೇಲೆ ಬಸವಣ್ಣನವರ ಫೋಟೋ, ಒಂದು ಕ್ಯಾಲೆಂಡರು, ಒಂದು ಹಲ್ಲಿ. ಮೂವರೂ ಗೋಡೆ ನೋಡಿದೆವು. ಮೊದಲು ಅತ್ತೆ ನಕ್ಕರು, ಆಮೇಲೆ ಶಂಕ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬಿಚ್ಚಿಯೇ ಇರಲಿಲ್ಲ. ಬಂದ ದಿನವೇ ಮಸಗುಪ್ಪಿಯಲ್ಲಿ ತೊಟ್ಟಿಲ ಕಾರ್ಯಕ್ಕೆ ಹೋಗಿ, ಅವಳ ನಾದಿನಿ ಗಂಗವ್ವನ ಮಗಳು ರೇಣುಕಾ ಹಡೆದಿದ್ದಳಲ್ಲ, ಆ ಬಾಳಂತಿಯ ಉಡಿಗೆ ಹಾಕಿ ಬಂದಿದ್ದಳು.

ಅಲ್ಲಿಂದಲೇ ಮಸಗುಪ್ಪಿಯ ಬಸ್ಸು ಹತ್ತಿದೆವು. ಶಂಕ್ರವ್ವ ಮನೆಯ ಮಗಳು, ಅವಳನ್ನು ಕೇಳಬಹುದು. ಬಾಳಂತಿಯ ಉಡಿಗೆ ಬಿದ್ದದ್ದನ್ನು ಹೇಗೆ ಕೇಳುವುದು?

ಮಸಗುಪ್ಪಿಯಲ್ಲಿ ಗಂಗವ್ವ ನಮ್ಮನ್ನು ನೋಡಿ ಹಿಗ್ಗಿದಳು. ಗೋಕಾಕದಿಂದ ಬಾಳಂತಿಯನ್ನು ನೋಡಲು ಇಷ್ಟು ದೂರ ಬಂದರಲ್ಲ ಎಂದು ಅವಳ ಕಣ್ಣು ತುಂಬಿತು. ನಮಗೆ ನಾಚಿಕೆಯಾಯಿತು. ಅತ್ತೆ ಪಡಸಾಲೆಯಲ್ಲಿ ಕೂತರು, ನಾನು ಒಳಗೆ ಹೋದೆ.

ಬಾಳಂತಿ ಕೋಣೆಯೆಂದರೆ ನಿಮಗೆ ಗೊತ್ತಲ್ಲ. ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ, ಅಜಿವಾನದ ಹೊಗೆ, ತಲೆಗೆ ಬಿಗಿದ ಅರಿವೆ, ಕಿವಿಗೆ ಅರಳೆ. ಗಾಳಿ ಬೇಡ, ತಣ್ಣೀರು ಬೇಡ, ಫೋನು ಬೇಡ. ಎಲ್ಲಕ್ಕಿಂತ ಮೊದಲು ಓದು ಬೇಡ. ಹಸಿಮೈಯಲ್ಲಿ ಓದಿದರೆ ಕಣ್ಣು ಹೋಗುತ್ತವೆ. ರೇಣುಕಾ ಮದುವೆಗೆ ಮುಂಚೆ ಬಿ.ಎ. ಮುಗಿಸಿ, ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಕಲಿಸುತ್ತಿದ್ದವಳು ಎಂದು ಗಂಗವ್ವ ಹೊರಗೆ ಹೇಳಿದ್ದಳು. ನಾನು ಮಂಚದ ಮೇಲೆ ಕೂತು ಕೂಸಿನ ಮುಖ ನೋಡಿದೆ. ಕೂಸಿನ ದುಪ್ಪಟಿಯ ಕೆಳಗಿನಿಂದ ರಟ್ಟಿನ ಮೂಲೆ ಇಣುಕುತ್ತಿತ್ತು. ನಾನು ನೋಡಿದ್ದನ್ನು ರೇಣುಕಾ ನೋಡಿದಳು, ದುಪ್ಪಟಿ ಎಳೆದಳು.

ಅದನ್ನು ನಾನೂ ಓದಿದ್ದೇನೆ, ಎಲ್ಲಿಯವರೆಗೆ ಬಂದೆ ಎಂದು ಮೆಲ್ಲಗೆ ಕೇಳಿದೆ. ಅವಳು ಒಂದು ಕಿವಿಯ ಅರಳೆ ತೆಗೆದು ಮತ್ತೊಮ್ಮೆ ಹೇಳಿಸಿಕೊಂಡಳು. ಮುಖ ಅರಳಿತು. ಲಿಂಬೆಹಣ್ಣು ತಿಕ್ಕುವುದು ಮುಗಿಯಿತಂತೆ. ಅವ್ವ ನೀರು ಕಾಯಿಸಲು ಹೋದಾಗ ಒಂದು ಪುಟ, ಕೂಸು ಮಲಗಿದಾಗ ಒಂದು ಪುಟ. ಬೆಳಕಿಗೆ ಬಾಗಿಲ ಸಂದಿ.

"ಅವ್ವಗ ಗೊತ್ತಾದ್ರ ಒಲಿಗೆ ಹಾಕತಾಳ್ರಿ" ಎಂದಳು. ಕೂಸಿನ ಕಡೆ ನೋಡುತ್ತ, "ಹಡದಾಗಿಂದ ಬಂದವ್ರೆಲ್ಲಾ ಇದನ್ನ ಮಾತಾಡ್ಸತಾರ್ರಿ. ನನ್ನ ಕೂಡ ಮಾತಾಡಾಕತ್ತಾಕಿ ಈ ಅಜ್ಜಿ ಒಬ್ಬಾಕಿನ" ಎಂದಳು.

ಅಷ್ಟರಲ್ಲಿ ಪಡಸಾಲೆಯಲ್ಲಿ ಅತ್ತೆಯ ಮಾತು ಕೆಮ್ಮಿನಿಂದ, ಮಳೆಯಿಂದ ಇಳಿದು ಮೆಲ್ಲಗೆ ಶಂಕ್ರವ್ವನ ಪೊಟ್ಟಣಕ್ಕೆ ಬಂದಿತ್ತು. ಫೋಟೋ ಕಟ್ಟೋ ಏನೋ, ರೇಣುಕಾಳ ಹತ್ತಿರವೇ ಇರಬೇಕು, ತರುತ್ತೇನೆ ಎಂದು ಗಂಗವ್ವ ಎದ್ದ ಸಪ್ಪಳ ಕೇಳಿತು. ರೇಣುಕಾ ನನ್ನನ್ನೇ ನೋಡಿದಳು. ಒಂದು ಮಾತಾಡಿದರೆ ಪುಸ್ತಕ ನನ್ನ ಕೈಗೆ, ರವಿವಾರ ಟೀಚರ ಕೈಗೆ, ನನ್ನ ಮಾನ ನನಗೆ. ಮೂವತ್ತು ಪುಟ ಬೇರೆ.

"ಇರಲಿ ಬಿಡ್ರಿ ಅತ್ತಿ, ಮುಂದ ಕೂಸಿನ ಫೋಟೋ ಹಾಕಾಕ ಆಕ್ಕತಿ" ಎಂದೆ, ಹೊರಗೆ ಕೇಳುವ ಹಾಗೆ.

ಗಂಗವ್ವ ಕೂತಳು. ತಿರುಗಿ ಬರುವ ಬಸ್ಸಿನಲ್ಲಿ ಅತ್ತೆಗೆ ಒಳಗೆ ಕಂಡದ್ದನ್ನು ಹೇಳಿದೆ. ಕೇಳಿಕೊಂಡು ಗೋಕಾಕ ಬರುವತನಕ ಕಿಟಕಿಯ ಹೊರಗೆ ನೋಡಿದರು. ಇಳಿಯುವಾಗ, ಹಾಗಾದರೆ ಕರೆವ್ವನ ಮುಂದಿನ ಕತೆ ತಮಗೆ ಯಾರು ಹೇಳುವವರು ಎಂದು ಕೇಳಿದರು. ಅದೊಂದೇ ಅವರ ತಕರಾರು.

ರವಿವಾರದ ಹೊತ್ತಿಗೆ ನಾನು ಎರಡು ಸುಳ್ಳು ತಯಾರು ಮಾಡಿಕೊಂಡಿದ್ದೆ. ಒಂದು, ಇನ್ನೊಮ್ಮೆ ಓದುತ್ತಿದ್ದೇನೆ. ಇನ್ನೊಂದು, ಬೀಗರು ಓದಲು ಒಯ್ದಿದ್ದಾರೆ. ನಮ್ಮ ಬೀಗರು ಪೇಪರಿನಲ್ಲಿ ಬರುವ ರಾಶಿಭವಿಷ್ಯ ಬಿಟ್ಟು ಬೇರೆ ಓದಿದವರಲ್ಲ, ಹಾಗಾಗಿ ಮೊದಲನೆಯದೇ ಗಟ್ಟಿ ಎನಿಸಿತ್ತು. ಜೈಬುನ್ ಟೀಚರು ಬಂದರು, ಬ್ಯಾಗು ಇಟ್ಟರು, ನೀರು ಕುಡಿದರು. ನಾನು ಬಾಯಿ ತೆಗೆಯುವ ಮುಂಚೆಯೇ ಅತ್ತೆ ಶುರು ಮಾಡಿದರು.

"ನೋಡವ್ವ ಜೈಬುನ್, ನಿನ್ನ ಪುಸ್ತಕ ನಾ ಉಡ್ಯಾಗ ಹಾಕಿ ಕಳಿಸೀನಿ. ಈಗ ಅದನ್ನ ಒಬ್ಬಾಕಿ ಬಾಳಂತಿ ಕದ್ದ ಓದಾಕತ್ತಾಳ. ಕೇಳಾಕ ಹೋಗಿದ್ವಿ, ಕೇಳಾಕ ಬಾಯಿ ಬರಲಿಲ್ಲ. ಬೈಯೂದಿದ್ರ ನನ್ನ ಬೈ, ಇಕಿನ್ನ ಬ್ಯಾಡ."

ಟೀಚರು ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಅವರ ತುಟಿಯನ್ನೇ ನೋಡುತ್ತ ಇದ್ದೆ. ಈಗ ಹೊರಗೆ ಇಣುಕಿ ಮೋಡ ಕಟ್ಟಿದೆಯಲ್ಲ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅವರು ಬಶಿಗೆ ಚಹಾ ಸುರುವಿಕೊಂಡು ಕುಡಿದರು. ತಾವು ಹಿರಿಯ ಮಗನನ್ನು ಹಡೆದಾಗ ತಮ್ಮ ಅಮ್ಮೀ ಮನೆಯೊಳಗಿನ ಅಕ್ಷರವನ್ನೆಲ್ಲ ಬಾಚಿ ಅಟ್ಟಕ್ಕೆ ಹಾಕಿದ್ದರೆಂದು ಹೇಳಿದರು. ಉತ್ತತ್ತಿ ಕಟ್ಟಿ ಬಂದ ಪೇಪರಿನ ತುಂಡನ್ನು ಲೋಬಾನದ ಹೊಗೆಯಲ್ಲಿ ಓದಿ ಓದಿ ಬಾಯಿಪಾಠ ಮಾಡಿದ್ದರಂತೆ. ಒಂದು ಟೆಂಡರು ಜಾಹೀರಾತು, ಅರ್ಧ ಕೊಲೆ ಸುದ್ದಿ. ಕೊಂದವರು ಯಾರೆಂಬುದು ಇನ್ನೊಂದು ತುಂಡಿನಲ್ಲಿತ್ತು. ಆ ತುಂಡಿನಲ್ಲಿ ಯಾರ ಮನೆಗೋ ಬೆಲ್ಲ ಹೋಗಿತ್ತು.

ನಾವು ನಕ್ಕೆವು. ಅವರು ನಗಲಿಲ್ಲ. ಆ ಹುಡುಗಿ ಎಲ್ಲಿಯವರೆಗೆ ಓದಿದ್ದಾಳೆ, ಮೊಮ್ಮಗಳ ಮೇಲೆ ಸಿಟ್ಟಾಗಿದ್ದಾಳೋ ಅಜ್ಜಿಯ ಮೇಲೋ, ಸಂದಿಯ ಬೆಳಕು ಸಾಲುತ್ತದೆಯೋ ಎಂದು ಒಂದೊಂದಾಗಿ ಕೇಳಿದರು. ಸಂಜೆಯ ಬಸ್ಸಿನ ಹೊತ್ತಿನವರೆಗೆ ಆ ಬಾಳಂತಿಯದೇ ಮಾತು, ಕರೆವ್ವನದೇ ಮಾತು. ಅತ್ತೆಗೆ ಮಾಲೀಕ ಬಾಗಿಲಿಗೆ ಬಂದ ಮೇಲೆ ಏನಾಯಿತೆಂದು ಹೇಳಲು ಹೊರಟವರು ನಡುವೆ ನಿಲ್ಲಿಸಿ, ಬೇಡ, ಓದಿ ಮುಗಿಸಿದ ಮೇಲೆ ಆ ಬಾಳಂತಿಯ ಬಾಯಿಂದಲೇ ಕೇಳಿ ಎಂದರು.

ಹೊರಡುವಾಗ ಬ್ಯಾಗಿನಿಂದ ಹೊಸ ಪುಸ್ತಕ ತೆಗೆದರು. ಆಫ್ರಿಕದ ಒಬ್ಬ ಹುಡುಗ ಬರೆದದ್ದು. ಮೂವರು ಅತ್ತೆಯರು ಕೂಡಿ ಹೆದ್ದಾರಿಯ ಬದಿಗೆ ಖಾನಾವಳಿ ಹಾಕುವ ಕತೆಯಂತೆ, ಮೊದಲ ಪುಟದಲ್ಲೇ ಜಗಳವಂತೆ. ನಾನು ಕೈ ಚಾಚಿದೆ. ಅವರು ಅದನ್ನು ಅತ್ತೆಯ ಮಡಿಲಿಗಿಟ್ಟರು.

"ಇದನ್ನ ಅಕಿಗೆ ಮುಟ್ಟಸ್ರಿ. ಒಂದ ಪುಸ್ತಕಕ್ಕ ಬಾಳಂತನ ಮುಗ್ಯಾಂಗಿಲ್ಲ."

"ಮತ್ತ ನನಗ್ರಿ?" ಎಂದೆ.

"ನಿಮಗೇನ್ರಿ ಅವಸರ? ನೀವೇನ್ ಹಡದೀರೇನು?"

ಅತ್ತೆ ನಕ್ಕು ನಕ್ಕು ಕೆಮ್ಮಿದರು. ಅರವತ್ತು ದಾಟಿದ ನಾನು ಅಲ್ಲಿಯೇ ನಿಂತಿದ್ದೆ. ಕಿವಿಗೆ ಅರಳೆ, ತಲೆಗೆ ಅರಿವೆ, ಕೆಂಡ, ಹೊಗೆ, ಕುದಿಯುವ ನೀರು, ಆ ಕತ್ತಲು ಕೋಣೆ, ಎಲ್ಲವೂ ಒಮ್ಮೆಲೇ ಬೇಕೆನಿಸಿತು.